ಮೂರನೆಯ ತಟ್ಟೆ

ಅಪ್ಪ ಬರುವುದು ಬೇಡವೆಂದು ನೋಯೆಮಿ ಮೂರು ಸಲ ಹೇಳಿದ್ದಳು. ಒಂದು ಸಲ ಫೋನಿನಲ್ಲಿ. ಇನ್ನೊಂದು ಸಲ ಈಸ್ಟರ್‌ಗೆ ಊರಿಗೆ ಹೋದಾಗ, ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡು. ಮತ್ತೊಂದು ಸಲ ಮೊನ್ನೆ ಭಾನುವಾರ. 'ಹದಿನೈದು ನಿಮಿಷದ ಕೆಲಸ ಅಪ್ಪಾ, ಅಷ್ಟಕ್ಕೆ ಬಸ್ಸು, ಎರಡೆರಡು ರೈಲು, ಈ ಜುಲೈ ಸೆಕೆ ಬೇರೆ. ಯಾಕೆ ಸುಮ್ನೆ? ಮುಂದಿನ ವಾರ ನಾನೇ ಬರ್ತೀನಲ್ಲ.' ಅಪ್ಪ 'ಹೂಂ' ಎಂದಿದ್ದ. ಅಪ್ಪನ ಹೂಂ ಎಂದರೆ ಒಪ್ಪಿಗೆಯೋ, ಕೇಳಿಸಿತು ಎಂದಷ್ಟೋ, ಇಪ್ಪತ್ತೈದು ವರ್ಷವಾದರೂ ಅವಳಿಗೆ ಗೊತ್ತಾಗಿರಲಿಲ್ಲ. ಈಗ ಪಾದುವಾದಲ್ಲಿ, ಸಾಹಿತ್ಯ ವಿಭಾಗದ ಎರಡನೇ ಮಹಡಿಯ ಮೊಗಸಾಲೆಯಲ್ಲಿ, ಗೋಡೆಗೆ ಒರಗಿ ನಿಂತು, ನೀಲಿ ರಟ್ಟಿನ ತನ್ನ ಪ್ರಬಂಧವನ್ನು ಎದೆಗೆ ಅವುಚಿಕೊಂಡು, ಅವಳು ಮೆಟ್ಟಿಲ ಕಡೆಗೇ ನೋಡುತ್ತಿದ್ದಳು. ಪ್ರತಿ ಸಲ ಗಂಡಸೊಬ್ಬನ ತಲೆ ಕೆಳಗಿನಿಂದ ಮೇಲೇರಿ ಬಂದಾಗಲೂ ಪ್ರಬಂಧವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಳ್ಳುತ್ತಿದ್ದಳು, ಅದು ಅಪ್ಪನಲ್ಲವೆಂದು ತಿಳಿದ ಕೂಡಲೆ ಹಾಯೆನಿಸುತ್ತಿತ್ತು, ಹಾಯೆನಿಸಿತಲ್ಲ ಎಂದು ಮತ್ತೆ ನಾಚಿಕೆಯಾಗುತ್ತಿತ್ತು. ಸುತ್ತಮುತ್ತ ಬೇರೆಯವರ ಅಪ್ಪ ಅಮ್ಮಂದಿರು ಬೀಸಣಿಗೆ ಬೀಸಿಕೊಳ್ಳುತ್ತ, ಹೂವಂಗಡಿಯ ಚೀಲಗಳಲ್ಲಿ ಲಾರೆಲ್ ಎಲೆಯ ಕಿರೀಟಗಳನ್ನು ಮಕ್ಕಳಿಗೆ ಕಾಣದ ಹಾಗೆ ಬಚ್ಚಿಟ್ಟುಕೊಂಡವರಂತೆ ನಟಿಸುತ್ತ ಕೂತಿದ್ದರು. ಪದವಿ ಘೋಷಣೆಯಾಗುವ ತನಕ ಅದನ್ನು ತಲೆಗಿಡುವಂತಿಲ್ಲ. ಅಷ್ಟರವರೆಗೆ ಎಲ್ಲರಿಗೂ ಗೊತ್ತಿರುವ ಗುಟ್ಟು ಅದು.

ಅವಳ ಸರದಿ ನಾಲ್ಕನೆಯದು. ಒಳಗೆ ಮೂರನೆಯವನು ತನ್ನ ಪ್ರಬಂಧ ಮಂಡಿಸುತ್ತಿದ್ದ. ಗೆಳತಿ ಜುದಿತ್ತಾ ಪಕ್ಕದಲ್ಲಿ ನಿಂತು, 'ಏನೇ, ಮುಖ ಹೀಗೆ ಬಿಳಿಚ್ಕೊಂಡಿದೆ? ಬೆರ್ತೊಲಿನ್ ನಿನ್ನ ಪರವಾಗೇ ಇದಾರೆ. ಎಪ್ಪತ್ತೊಂದನೇ ಪುಟದ ವಾಕ್ಯದಿಂದ ಶುರು ಮಾಡು ಅಂತ ಅವರೇ ಹೇಳಿಲ್ವಾ?' ಎಂದಳು. ಹೇಳಿದ್ದರು. ಪ್ರೊಫೆಸರ್ ಬೆರ್ತೊಲಿನ್, ಅವಳ ಮಾರ್ಗದರ್ಶಕರು, ಆ ವಾಕ್ಯದ ಕೆಳಗೆ ಪೆನ್ಸಿಲಿನಿಂದ ಎರಡು ಗೆರೆ ಎಳೆದು, ಅಂಚಿನಲ್ಲಿ 'ಶಹಭಾಸ್' ಎಂದು ಬರೆದಿದ್ದರು. ಐದು ವರ್ಷದಲ್ಲಿ ಅವರು ಯಾರಿಗೂ ಶಹಭಾಸ್ ಎಂದದ್ದು ಅವಳು ಕಂಡಿರಲಿಲ್ಲ. ಆ ಕರಡು ಹಾಳೆಯನ್ನು ಅವಳು ಮನೆಯಲ್ಲಿ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದಳು. ತೆಗೆದು ನೋಡುವಾಗಲೆಲ್ಲ ಖುಷಿಯಾಗುತ್ತಿತ್ತು, ಮರುಗಳಿಗೆಯಲ್ಲೇ ಯಾರೋ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಪೋ ನದಿ ಸಮುದ್ರ ಸೇರುವ ತಗ್ಗಿನಲ್ಲಿ ನೀರೆತ್ತುವ ಪಂಪು ನೋಡಿಕೊಳ್ಳುವ ಮೊಮಿ ಎಂಬುವನ ಬಗ್ಗೆ ಅವಳು ಬರೆದದ್ದು ಇಷ್ಟೇ: 'ಈ ಮನುಷ್ಯನಿಗೆ ಒಳಗಿನ ಬದುಕು ಎಂಬುದೇ ಇಲ್ಲ, ಅವನ ಹಾಸ್ಯದ ಮೂಲ ಇರುವುದೇ ಅಲ್ಲಿ.'

ಲಿವಿಯಾ ಸಾಂತೆರ್ನೊ ಬರೆದ 'ಸಮುದ್ರಕ್ಕಿಂತ ಕೆಳಗೆ' ಕಾದಂಬರಿಯನ್ನು ಈಗ ಶಾಲೆ ಮಕ್ಕಳೂ ಓದುತ್ತಾರೆ. ಓದದವರಿಗೂ ಮೊಮಿ ಗೊತ್ತು. ಐಸ್‌ಕ್ರೀಮಿನವನ ಜೊತೆ ಜರ್ಮನಿಗೆ ಓಡಿಹೋದ ಹೆಂಡತಿಗಾಗಿ ಪ್ರತಿ ಸಂಜೆ ಮೇಜಿನ ಮೇಲೆ ಎರಡನೆಯ ತಟ್ಟೆ ಇಟ್ಟು, ಅದಕ್ಕೆ ಬಡಿಸಿ, ತಾನು ಉಂಡು, ಆಮೇಲೆ ಆ ತಟ್ಟೆಯದನ್ನು ನಾಯಿಗೆ ಸುರಿಯುವ ಪೆದ್ದ. ನಾಲ್ಕು ವರ್ಷ ಹಾಗೆಯೇ ಮಾಡುತ್ತಾನೆ, ಒಂದು ದಿನವೂ ಬಿಡುವುದಿಲ್ಲ. ಮೊದಲ ವರ್ಷದ ತರಗತಿಯಲ್ಲಿ ಬೆರ್ತೊಲಿನ್ ಆ ಭಾಗವನ್ನು ಅಭಿನಯ ಮಾಡಿಯೇ ಓದಿದ್ದರು. ಖಾಲಿ ಕುರ್ಚಿಯ ಕಡೆ ತಿರುಗಿ, 'ಉಪ್ಪು ಸಾಕಾ?' ಎಂದು ಆ ತಗ್ಗುಸೀಮೆಯ ಧಾಟಿಯಲ್ಲಿ ಕೇಳಿದಾಗ ಇನ್ನೂರು ಜನ ಬಿದ್ದು ಬಿದ್ದು ನಕ್ಕರು. ನೋಯೆಮಿಯೂ ನಕ್ಕಳು. ಯಾರಿಗಿಂತಲೂ ಕಮ್ಮಿಯಿಲ್ಲದ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ. ನಕ್ಕು ಮುಗಿದ ಮೇಲೆ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಬಹಳ ಹೊತ್ತು ಕೂತಿದ್ದಳು. ಆ ಧಾಟಿ ಅವಳ ಅಪ್ಪನದು. ಆ ಪಂಪಿನ ಮನೆ ಅವಳು ಹುಟ್ಟಿದ ಮನೆ. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ಲಿವಿಯಾ ಸಾಂತೆರ್ನೊ ಒಂದು ಬೇಸಿಗೆಯಿಡೀ ಮಹಡಿಯ ಕೋಣೆ ಬಾಡಿಗೆಗೆ ಹಿಡಿದು ಅಲ್ಲಿದ್ದಳು. ಸಂಜೆ ಏರಿಯ ಮೇಲೆ ಕೂತು ಅಪ್ಪ ಹುರುಳಿಕಾಯಿ ಸುಲಿಯುತ್ತ ತನ್ನ ಕಥೆಯನ್ನೆಲ್ಲ ಆ ಹೆಂಗಸಿಗೆ ಹೇಳಿಕೊಂಡ. ಯಾರೂ ಅವನನ್ನು ಅಲ್ಲಿಯತನಕ ಏನನ್ನೂ ಕೇಳಿರಲಿಲ್ಲ, ಪಾಪ.

ಪುಸ್ತಕ ಬಂದಾಗ ನೋಯೆಮಿಗೆ ಏಳು ವರ್ಷ. ಊರಿನವರು ಪುಸ್ತಕ ಓದುವ ಜಾತಿಯಲ್ಲ, ಆದರೂ ಈ ಒಂದನ್ನು ಹೇಗೋ ಓದಿಬಿಟ್ಟರು. ಭಾನುವಾರ ಅಪ್ಪ ಅವಳ ಕೈಹಿಡಿದು ಹೆಂಡದಂಗಡಿಗೆ ಹೋದರೆ ಇಸ್ಪೀಟು ಆಡುವವರು ತಲೆಯೆತ್ತದೆಯೇ, 'ಏನ್ ಮೊಮಿ, ಹೆಂಡ್ತಿ ಊಟಕ್ಕೆ ಬಂದ್ಲಾ?' ಎನ್ನುತ್ತಿದ್ದರು. ಅಪ್ಪನ ಹೆಸರು ಅದೆಲ್ಮೊ. ಅಪ್ಪ, 'ಇನ್ನೂ ದಾರೀಲಿದಾಳಂತೆ' ಎಂದು ತಾನೂ ನಕ್ಕು, ಅವಳಿಗೊಂದು ಕಿತ್ತಳೆ ಶರಬತ್ತು ಕೊಡಿಸಿ, ತನ್ನ ಲೋಟ ಎತ್ತಿಕೊಳ್ಳುತ್ತಿದ್ದ. ಒಂದು ದಿನ ರೇಗಬಾರದಿತ್ತೆ? ಒಂದು ಲೋಟ ಒಡೆಯಬಾರದಿತ್ತೆ? ಹದಿಮೂರನೇ ವಯಸ್ಸಿನಲ್ಲಿ ಅವಳು ಶಾಲೆಯ ಗ್ರಂಥಾಲಯದಲ್ಲಿ ಕದ್ದು ಆ ಪುಸ್ತಕ ಓದಿದಳು. ಅಪ್ಪನ ಅವಮಾನಕ್ಕಾಗಿ ಓದಿದ್ದಲ್ಲ. ತನ್ನನ್ನು ಹುಡುಕಿಕೊಂಡು ಓದಿದ್ದು. ಆ ಹೆಂಗಸಿನ ತೊಡೆಯ ಮೇಲೆ ಕೂತದ್ದು, ಅವಳ ಮೈಯೆಣ್ಣೆಯ ವಾಸನೆ, ಅವಳು ಕೊಟ್ಟ ಹನ್ನೆರಡು ಬಣ್ಣದ ಪೆನ್ಸಿಲು, ಎಲ್ಲ ಅವಳಿಗೆ ನೆನಪಿತ್ತು. ಪುಟ ಪುಟ ತಿರುವಿದಳು. ಪಂಪು ಇತ್ತು, ಜೊಂಡು ಇತ್ತು, ಮಹಡಿಯ ಮೆಟ್ಟಿಲ ಮುರಿದ ಹಲಗೆ ಸಹ ಇತ್ತು. ಮಗಳು ಇರಲಿಲ್ಲ. ಕಾದಂಬರಿಯ ಮೊಮಿಗೆ ಮಕ್ಕಳೇ ಇಲ್ಲ. ಅವಳು ಕೂರುತ್ತಿದ್ದ ಜಾಗದಲ್ಲಿ, ಒಲೆಯ ಪಕ್ಕ, ಒಂದು ಕಿವಿ ಹರಿದ ನಾಯಿ ಕೂತಿತ್ತು. ಅವರ ಮನೆಯಲ್ಲಿ ಯಾವತ್ತೂ ನಾಯಿಯೇ ಇರಲಿಲ್ಲ.

'ನೋಯೆಮಿ ಬೊಸ್ಕಾರೊ' ಎಂದು ಬಾಗಿಲಲ್ಲಿ ಯಾರೋ ಕೂಗಿದರು. ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಅಪ್ಪನ ತಲೆ ಕಂಡಿತು. ಒದ್ದೆ ಮಾಡಿ ಹಿಂದಕ್ಕೆ ಬಾಚಿದ ಬಿಳಿ ಕೂದಲು, ಆಮೇಲೆ ಚಿಕ್ಕಪ್ಪನ ಮಣ್ಣಿಗೆಂದು ಹೊಲಿಸಿದ್ದ ಕಂದು ಕೋಟು, ಆಮೇಲೆ ಕೈಯಲ್ಲಿ ದೊಡ್ಡದೊಂದು ಕಾಗದದ ಚೀಲ. ಅವಳನ್ನು ಕಂಡವನೇ, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಎರಡು ಮೆಟ್ಟಿಲು ಕೆಳಗೇ ನಿಂತ. 'ಹೊರಗೇ ಇರ್ತೀನಿ ಪುಟ್ಟಿ, ನೀ ಹೋಗು' ಎಂದ. ಅವಳು ಬಾಯಿ ತೆರೆಯುವ ಮೊದಲೇ ಜುದಿತ್ತಾ, 'ಅಯ್ಯೋ, ಹೊರಗ್ಯಾಕೆ ಯಜಮಾನ್ರೇ! ಎಲ್ಲರಪ್ಪ ಅಮ್ಮಂದ್ರೂ ಒಳಗೇ ಕೂರೋದು, ಬನ್ನಿ ಬನ್ನಿ' ಎಂದು ತೋಳು ಹಿಡಿದು ಎಳೆದುಕೊಂಡೇ ಹೋದಳು. ಅಪ್ಪ ಹಿಂತಿರುಗಿ ಮಗಳ ಮುಖ ನೋಡಿದ. ಬಾ ಎಂದು ಅವಳು ಹೇಳಬಹುದಾಗಿತ್ತು. ಬೇಡ ಎಂದೂ ಹೇಳಬಹುದಾಗಿತ್ತು. ತಿರುಗಿ ಒಳಗೆ ನಡೆದಳು.

ಉದ್ದನೆಯ ಮೇಜಿನ ಹಿಂದೆ ಏಳು ಜನ ಪರೀಕ್ಷಕರು. ಅವರೆದುರು ಒಂಟಿ ಕುರ್ಚಿ. ಅವಳ ಬೆನ್ನ ಹಿಂದೆ ಸಾಲು ಬೆಂಚುಗಳು, ಅದರಲ್ಲೆಲ್ಲೋ ಅಪ್ಪ. ಪ್ರಬಂಧದಲ್ಲಿ ಏನಿದೆ ಎಂದು ಅಪ್ಪ ಒಂದೇ ಸಲ ಕೇಳಿದ್ದ. 'ಕಾದಂಬರಿಗಳಲ್ಲಿ ನೀರು' ಎಂದಿದ್ದಳು. 'ನೀರಿನ ಬಗ್ಗೆ ಆದ್ರೆ ನನ್ನನ್ನೇ ಕೇಳಬಹುದಿತ್ತಲ್ಲ' ಎಂದು ನಕ್ಕಿದ್ದ. ಮೊದಲ ಸಲ ಅವಳು ಬರೆದದ್ದು ಬೇರೆಯೇ ಇತ್ತು. ಇದು ಕದ್ದ ಬದುಕು, ಇದನ್ನು ಬರೆದವಳು ಒಬ್ಬ ಮನುಷ್ಯನನ್ನು ನಂಬಿಸಿ ಕುತ್ತಿಗೆ ಕೊಯ್ದಳು ಎಂದೇ ಬರೆದಿದ್ದಳು. ಬೆರ್ತೊಲಿನ್ ಕನ್ನಡಕ ತೆಗೆದು ಒರೆಸುತ್ತ, 'ಯಾರಿಂದ ಕದ್ದದ್ದು? ಆ ಮನುಷ್ಯ ಯಾರು, ಎಲ್ಲಿದಾನೆ? ಇಲ್ಲ ಅಂದ್ರೆ ಇದು ಬರೀ ಹಳ್ಳಿ ಹರಟೆ ಕಣಮ್ಮ. ಪುಸ್ತಕದಲ್ಲಿ ಇರೋದನ್ನ ಓದು' ಎಂದಿದ್ದರು. ಆಗ ಹೇಳಬೇಕಿತ್ತು. ನಾನೇ ಅವನ ಮಗಳು ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಜೊತೆಗೇ ಆ ಇನ್ನೂರು ಜನರ ನಗು ಕೇಳಿಸಿತು. 'ಸರಿ ಸರ್, ತಿದ್ದಿಕೊಂಡು ಬರ್ತೀನಿ' ಎಂದು ಎದ್ದಿದ್ದಳು. ತಿದ್ದುತ್ತ ತಿದ್ದುತ್ತ ಕೈಗೆ ಬೇರೊಂದು ರುಚಿ ಹತ್ತಿತು. ಅಪ್ಪನ ಮೇಲೆ ಅಷ್ಟು ವರ್ಷದ ಸಿಟ್ಟು ಎಲ್ಲಿತ್ತೋ ಏನೋ, ನಕ್ಕು ಸುಮ್ಮನಾಗುತ್ತಿದ್ದ ಆ ಮುಖದ ಮೇಲೆ, ಪರಕೀಯಳಿಗೆ ಎಲ್ಲವನ್ನೂ ಹೇಳಿ ತನ್ನ ಬಗ್ಗೆ ಮಾತ್ರ ಏನೂ ಹೇಳದೆ ಬಿಟ್ಟವನ ಮೇಲೆ, ಎಲ್ಲ ಸೇರಿ ಎಪ್ಪತ್ತೊಂದನೇ ಪುಟದ ಆ ವಾಕ್ಯವಾಯಿತು.

'ಶುರು ಮಾಡಿ' ಎಂದರು ಬೆರ್ತೊಲಿನ್, ಕಣ್ಣಲ್ಲೇ ಧೈರ್ಯ ಕೊಡುತ್ತ. ಅವಳು ಶುರು ಮಾಡಿದಳು. ವಾಕ್ಯವನ್ನು ಹೇಳಿದಳು. ಎಷ್ಟು ಮೆಲ್ಲಗೆ ಹೇಳಬೇಕೆಂದುಕೊಂಡಿದ್ದಳೋ, ಆ ಎತ್ತರದ ಕೋಣೆಯಲ್ಲಿ ಅದು ಅಷ್ಟು ಸ್ಪಷ್ಟವಾಗಿ ಕೇಳಿಸಿತು. ಹಿಂದೆ ಯಾರೋ ಕೆಮ್ಮಿದರು. ಅಪ್ಪನ ಕೆಮ್ಮಲ್ಲ. ಆಮೇಲೆ ತಟ್ಟೆಯ ವಿಚಾರ ಬಂತು. ಕಣ್ಣೆದುರಿನ ಸತ್ಯ ಕಾಣಲಾರದ ಮಂಕುತನವನ್ನು ಲೇಖಕಿ ಹೇಗೆ ಒಂದು ತಟ್ಟೆಯಲ್ಲಿ ಹಿಡಿದಿಟ್ಟಿದ್ದಾಳೆ ಎಂಬ ಭಾಗವನ್ನು ಬಾಯಿಪಾಠ ಒಪ್ಪಿಸುತ್ತ ಅವಳಿಗೆ ಒಂದು ತಟ್ಟೆ ಕಾಣುತ್ತಿತ್ತು, ಬಿಳಿ ತಟ್ಟೆ, ಅಂಚಿಗೆ ನೀಲಿ ಗೆರೆ, ಒಂದು ಕಡೆ ಚಕ್ಕೆ ಎದ್ದದ್ದು. ಪುಸ್ತಕದಲ್ಲಿ ನೀಲಿ ಗೆರೆ ಇದೆ, ಚಕ್ಕೆ ಇಲ್ಲ. ಹಾಗಾದರೆ ಚಕ್ಕೆ ಎಲ್ಲಿಂದ ಬಂತು? ಓದಿದ್ದು ಯಾವುದು, ಕಂಡದ್ದು ಯಾವುದು ಎಂದು ಬೇರ್ಪಡಿಸಲು ಬಾರದಷ್ಟು ಸಲ ಅವಳು ಆ ಪುಸ್ತಕ ಓದಿಬಿಟ್ಟಿದ್ದಳು.

ಮುಗಿಸಿದ ಮೇಲೆ ಆಕ್ಷೇಪಣೆ ಎತ್ತುವ ಕೆಲಸ ದಾಲ್ ಪ್ರಾ ಎಂಬ ಹಿರಿಯ ಹೆಂಗಸಿನದು. ಬೆಳ್ಳಗಿನ ಕೂದಲು, ಮುಂದಿನ ವರ್ಷ ನಿವೃತ್ತಿ. ಪ್ರಬಂಧವನ್ನು ಮುಚ್ಚಿಟ್ಟು, ಅದರ ಮೇಲೆ ಕೈಯಿಟ್ಟು, ಅವಳನ್ನೇ ನೋಡಿ ಕೇಳಿದಳು: 'ತಟ್ಟೆ ಇಡೋನು ಮಂಕ ಅಂತೀರಿ. ತಟ್ಟೆ ಇಡೋಕೆ ಅವನಿಗೆ ಬೇರೆ ಏನಾದ್ರೂ ಕಾರಣ ಇದ್ದಿರಬಹುದಲ್ವಾ?'

'ಕಾದಂಬರಿಯಲ್ಲಿ ಬೇರೆ ಕಾರಣ ಇಲ್ಲ, ಮೇಡಂ.'

'ಕಾದಂಬರಿಯಲ್ಲಿ ಇಲ್ಲ, ಒಪ್ಪಿದೆ. ಅದೇ ಅದರ ಕೊರತೆ ಅಂತ ನಂಗೆ ಮೊದಲಿಂದ್ಲೂ ಅನ್ಸಿದೆ. ನೀವು ಆ ತಗ್ಗಿನ ಕಡೆಯವರೇ, ಹೆಸರು ನೋಡಿದ್ರೇ ಗೊತ್ತಾಗುತ್ತೆ. ಅದಕ್ಕೇ ಕೇಳ್ತಾ ಇದೀನಿ. ಇಂಥ ಮನುಷ್ಯ, ಹೀಗೇ ಬರೀ ಪೆದ್ದ, ಯಾರಾದ್ರೂ ನಿಮಗೆ ಗೊತ್ತಾ?'

ಬೆರ್ತೊಲಿನ್ ಗಡಿಯಾರ ನೋಡಿಕೊಂಡರು. ಅವಳ ಅಂಗೈ ಬೆವರಿ ನೀಲಿ ರಟ್ಟಿನ ಬಣ್ಣ ಬೆರಳಿಗೆ ಅಂಟಿತ್ತು. ತಿರುಗಿ ನೋಡಿದ್ದರೆ ಸಾಕಿತ್ತು. ಅಲ್ಲಿದಾನೆ, ಹಿಂದೆ ಬೆಂಚಿನಲ್ಲಿ, ಕಂದು ಕೋಟು, ಎಂದಿದ್ದರೆ ಸಾಕಿತ್ತು. ಐದು ವರ್ಷ, ಅಲ್ಲ ಹದಿನೆಂಟು ವರ್ಷ, ಈ ಒಂದು ಪ್ರಶ್ನೆಗಾಗಿಯೇ ಅವಳು ಕಾದಿದ್ದಳೇನೋ, ಆದರೆ ಅದು ಬಂದ ಗಳಿಗೆಯಲ್ಲಿ ಅವಳಿಗೆ ಕಂಡದ್ದು ಬೆರ್ತೊಲಿನ್‌ರ ಗಡಿಯಾರ ಮಾತ್ರ.

'ಇಲ್ಲ. ಇಂಥೋರು ಯಾರೂ ನಂಗೆ ಗೊತ್ತಿಲ್ಲ.'

'ಆಯ್ತು' ಎಂದಳು ದಾಲ್ ಪ್ರಾ, ಸ್ವಲ್ಪ ಬೇಸರದಿಂದ.

ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಐದು ನಿಮಿಷದಲ್ಲಿ ಮತ್ತೆ ಕರೆದರು. ಆ ಐದು ನಿಮಿಷ ಅವಳು ಜುದಿತ್ತಾಳ ಆಚೆ ಬದಿಗೆ ನಿಂತಳು, ಅಪ್ಪನ ಕಣ್ಣು ತಪ್ಪಿಸಿ. ಅಪ್ಪ ಗೋಡೆಯ ಮೇಲಿನ ಯಾವುದೋ ಸೂಚನಾಪತ್ರವನ್ನು ಬೆರಳಿಟ್ಟು ಓದುತ್ತಿದ್ದ. ಒಳಗೆ ಹೋದಾಗ ಅಧ್ಯಕ್ಷರು ಎದ್ದು ನಿಂತು, ಎಲ್ಲರೂ ಎದ್ದು, ನೂರಹತ್ತಕ್ಕೆ ನೂರಹತ್ತು, ಮೇಲೆ ವಿಶೇಷ ಪ್ರಶಂಸೆ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಇಲ್ಲಿ ಮೌಖಿಕ ಪರೀಕ್ಷೆಯಲ್ಲಿ ಕೊಟ್ಟ ಅಂಕವನ್ನು ಬೇಡ ಎನ್ನುವ ಹಕ್ಕು ವಿದ್ಯಾರ್ಥಿಗಿದೆ. ಎದ್ದು ಥ್ಯಾಂಕ್ಸ್ ಹೇಳಿ ಹೋಗಬಹುದು, ಮುಂದಿನ ತಿಂಗಳು ಮತ್ತೆ ಬರಬಹುದು. ಎರಡನೇ ವರ್ಷ ಇದೇ ಬೆರ್ತೊಲಿನ್ ಮೂವತ್ತಕ್ಕೆ ಇಪ್ಪತ್ತೇಳು ಕೊಟ್ಟಾಗ ಅವಳು ಬೇಡ ಎಂದು ಎದ್ದು ಬಂದಿದ್ದಳು. ಫೋನಿನಲ್ಲಿ ಅಪ್ಪ ಬೆರಗಾಗಿ, 'ಇಪ್ಪತ್ತೇಳು ಬೇಡ ಅಂದ್ಯಾ? ಅಲ್ಲಿ ಕೊಟ್ಟಿದ್ದನ್ನ ಬೇಡ ಅನ್ನಬಹುದಾ? ಎಲಾ ಇವಳ!' ಎಂದು ಎರಡು ದಿನ ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದನಂತೆ. ಪದವಿಯ ದಿನ ಮಾತ್ರ ಆ ಹಕ್ಕಿಲ್ಲ. ಅಧ್ಯಕ್ಷರು ಕೈ ಚಾಚಿದರು, ಅವಳು ಹಿಡಿದು ಕುಲುಕಿದಳು. ದಾಲ್ ಪ್ರಾಳ ಕೈ ತಣ್ಣಗಿತ್ತು.

ಅಂಗಳದಲ್ಲಿ ಅಪ್ಪ ಕಾಗದದ ಚೀಲದಿಂದ ಕಿರೀಟ ತೆಗೆದ. ಹೂವಂಗಡಿಯದಲ್ಲ. ಪಂಪಿನ ಮನೆಯ ಹಿಂದಿನ ಗಿಡದಿಂದ ಬೆಳಗಿನ ಜಾವ ಕೊಯ್ದು, ಪಂಪಿಗೆ ಬಳಸುವ ತಂತಿಯಲ್ಲಿ ತಾನೇ ಕಟ್ಟಿದ್ದು. ಬೇರೆಯವರ ಕಿರೀಟಗಳಲ್ಲಿ ಹೂವು, ರಿಬ್ಬನ್ನು, ಚಿನ್ನದ ಬಣ್ಣ ಬಳಿದ ಕಾಯಿ. ಇದರಲ್ಲಿ ಬರೀ ಎಲೆ, ಅದೂ ದಪ್ಪವಾಗಿ, ಎತ್ತಿನ ಕೊರಳಿಗೆ ಹಾಕುವಷ್ಟು. 'ಸ್ವಲ್ಪ ದೊಡ್ಡದಾಯ್ತೇನೋ. ತಲೆ ಅಳತೆ ಅಂದಾಜಿನ ಮೇಲೆ ಮಾಡ್ದೆ' ಎಂದು ಎರಡೂ ಕೈಯಲ್ಲಿ ಅವಳ ತಲೆಗಿಟ್ಟ. ಅದು ಜಾರಿ ಹುಬ್ಬಿನ ಮೇಲೆ ಕೂತಿತು. ಅವಳು ಬಗ್ಗಿದಾಗ ಅವನ ಕೋಟಿನಿಂದ ಕರ್ಪೂರದ ಗುಳಿಗೆಯ ವಾಸನೆ, ಅದರ ಕೆಳಗೆ ಎಷ್ಟು ತೊಳೆದರೂ ಹೋಗದ ಗ್ರೀಸಿನ ವಾಸನೆ ಬಂತು. ಏನಾದರೂ ಹೇಳು, ಬೈಯಪ್ಪಾ, ಎಂದು ಅವಳ ಮನಸ್ಸು ಕೂಗಿಕೊಳ್ಳುತ್ತಿತ್ತು. 'ತಂತಿ ಚುಚ್ತಾ ಇದೆಯಾ?' ಎಂದ. 'ಇಲ್ಲ' ಎಂದಳು. ಚುಚ್ಚುತ್ತಿತ್ತು.

ಅಷ್ಟರಲ್ಲಿ ಜುದಿತ್ತಾಳ ಪಟಾಲಮ್ಮು ಅವಳನ್ನು ಬೀದಿಗೆ ಎಳೆದೊಯ್ದಿತು. ಈ ಊರಿನ ಪದ್ಧತಿ ಅದು: ಪದವಿ ಪಡೆದವರ ಮಾನ ಹರಾಜು ಹಾಕುವಂಥ ಪದ್ಯವನ್ನು ದೊಡ್ಡ ಹಾಳೆಯಲ್ಲಿ ಬರೆದು, ಮೇಲೊಂದು ವ್ಯಂಗ್ಯಚಿತ್ರ ಬಿಡಿಸಿ ಗೋಡೆಗೆ ಅಂಟಿಸುತ್ತಾರೆ, ಅವರೇ ಅದನ್ನು ಗಟ್ಟಿಯಾಗಿ ಓದಬೇಕು, ತೊದಲಿದರೆ ಒಂದು ಗುಟುಕು ಕುಡಿಯಬೇಕು, ನೆಂಟರಿಷ್ಟರೆದುರೇ. ಹಾಳೆಯ ಮೇಲೆ ಒಂದು ಮೇಜು, ಎರಡು ತಟ್ಟೆ. ಒಂದು ಕಡೆ ಹುಲ್ಲಿನ ಟೋಪಿಯ, ಬದನೆಕಾಯಿ ಮೂಗಿನ ಮೊಮಿ. ಎದುರಿಗೆ ಮದುವಣಗಿತ್ತಿಯ ಉಡುಪಿನಲ್ಲಿ ನೋಯೆಮಿ. ಮೇಜಿನ ಕೆಳಗೆ ಕಿವಿ ಹರಿದ ನಾಯಿ. ಜುದಿತ್ತಾಗೆ ಏನೂ ಗೊತ್ತಿಲ್ಲ. ನೋಯೆಮಿಯ ಅಪ್ಪ ನೀರಾವರಿ ಇಲಾಖೆಯ ನೌಕರ ಎಂದಷ್ಟೇ ಅವಳಿಗೆ ಗೊತ್ತು, ನೋಯೆಮಿಯೇ ಹೇಳಿದ್ದು. ಯಾರೋ ತಲೆಗೆ ಹಿಟ್ಟು ಸುರಿದರು, ಅಪ್ಪನ ಎಲೆಗಳ ಮೇಲೆ. 'ಓದು, ಓದು!' ಎಂದು ಕೂಗಿದರು. ಅವಳು ಓದಿದಳು:

'ಐದು ವರುಷ ಮೊಮಿಯ ಜೊತೆಗೆ ಸಂಸಾರ ಮಾಡಿದಳು,
ಹೆಂಡತಿಗಿಟ್ಟ ತಟ್ಟೆಯಲ್ಲಿ ತಾನೇ ಉಂಡು ಎದ್ದಳು!'

ಬೀದಿಯೆಲ್ಲ ನಕ್ಕಿತು. ಅವಳು ತೊದಲಿದಳು, ಕುಡಿದಳು, ಮತ್ತೆ ತೊದಲಿದಳು. ಅಪ್ಪ ಕಮಾನಿನ ಕಂಬಕ್ಕೆ ಒರಗಿ, ಚಿತ್ರವನ್ನೇ ನೋಡುತ್ತ ನಿಂತಿದ್ದ. ಜುದಿತ್ತಾ ಅವನ ಹತ್ತಿರ ಹೋಗಿ, 'ಹೇಗಿದೆ ಯಜಮಾನ್ರೇ? ನಾನೇ ಬರ್ದಿದ್ದು' ಎಂದು ಬೀಗಿದಳು.

'ಚೆನ್ನಾಗಿದೆ ಕಣಮ್ಮಾ. ಮೂಗಂತೂ ಸರಿಯಾಗಿ ಬಂದಿದೆ.'

'ಯಾರ ಮೂಗು?'

ಅಪ್ಪ ಹಿಟ್ಟು ಮೆತ್ತಿದ ಮಗಳ ಮುಖದ ಕಡೆ ಒಂದು ಗಳಿಗೆ ನೋಡಿದ. 'ನಾಯೀದು' ಎಂದ.

ಊಟಕ್ಕೆ ಮೂರು ಜನಕ್ಕೆಂದು ಅಪ್ಪನೇ ವಾರದ ಹಿಂದೆ ಫೋನು ಮಾಡಿ ಹೋಟೆಲಿನಲ್ಲಿ ಜಾಗ ಹೇಳಿಟ್ಟಿದ್ದ. ಅಂದರೆ ಹೂಂ ಎಂದಾಗಲೇ ಬರುವುದೆಂದು ನಿಶ್ಚಯವಾಗಿತ್ತು. 'ನಿನ್ನ ಗೆಳತೀನೂ ಬರ್ತಾಳೇನೋ ಅಂತ ಅಂದ್ಕೊಂಡೆ' ಎಂದ. ಜುದಿತ್ತಾ ಬರಲಿಲ್ಲ, ಅವಳಿಗೆ ಬೇರೆ ಇಬ್ಬರ ಹಾಳೆ ಅಂಟಿಸುವುದಿತ್ತು. ಮೇಜಿನ ಮೇಲೆ ಮೂರು ತಟ್ಟೆ, ಮೂರು ಲೋಟ. ಬಡಿಸುವವನು, 'ಇನ್ನೊಬ್ರು ಬರ್ತಾರಾ?' ಎಂದು ಕೇಳಿದ. ಅಪ್ಪ, 'ನೋಡೋಣ ಇರಪ್ಪಾ' ಎಂದ. ಬಾತುಕೋಳಿಯ ಗೊಜ್ಜು ಹಾಕಿದ ದಪ್ಪ ಶಾವಿಗೆ ಬಂತು. ನೋಯೆಮಿ ಕೂದಲಿನಿಂದ ಹಿಟ್ಟು ಕೊಡವಿಕೊಂಡಳು, ಕಿರೀಟ ತೆಗೆದು ಖಾಲಿ ಕುರ್ಚಿಯ ಮೇಲಿಟ್ಟಳು. ಅಪ್ಪನಿಗೆ ನಾಲ್ಕೂಕಾಲಿಗೆ ರೈಲು. ಅಷ್ಟರಲ್ಲಿ ಒಂದು ಮಾತಾಡದಿದ್ದರೆ ಮತ್ತೆ ಯಾವತ್ತೂ ಆಡುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಆದರೆ ಶಾವಿಗೆಯನ್ನು ಫೋರ್ಕಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳೇ ಹೊರತು ಬಾಯಿಗಿಡಲಿಲ್ಲ. ಅಪ್ಪನೇ ಶುರು ಮಾಡಿದ.

'ಆ ಬಿಳಿ ಕೂದ್ಲಿನಮ್ಮ ಒಳ್ಳೆ ಪ್ರಶ್ನೆ ಕೇಳಿದ್ರು.'

'ಅಪ್ಪಾ, ನಾನು…'

'ಸರಿಯಾಗೇ ಹೇಳ್ದೆ ಬಿಡು. ಅಲ್ಲಿ ಅಷ್ಟು ಜನರ ಮುಂದೆ ಹೇಳೋ ಮಾತಾ ಅದು? ನೀನೇನಾದ್ರೂ ತಿರುಗಿಬಿಟ್ಟೀಯಾ ಅಂತ ನನಗೇ ಭಯ ಆಗಿತ್ತು.' ಬ್ರೆಡ್ಡು ಮುರಿದು ಗೊಜ್ಜಿಗೆ ಅದ್ದಿದ. 'ನೀರಿನ ಬಗ್ಗೆ ಅಂತ ಹೇಳಿದ್ದೆ. ನೀರು ಬರ್ಲೇ ಇಲ್ಲ.'

'ನೀನು ಓದಿದ್ದೀಯಾ ಅಪ್ಪಾ, ಆ ಪುಸ್ತಕ?'

'ಎರಡ್ ಸಲ. ಪಂಪಿನ ಸದ್ದು ಚೆನ್ನಾಗಿ ಬರ್ದಿದಾಳೆ. ಅಲ್ಲಿದ್ದೋರಿಗೇ ಗೊತ್ತಾಗ್ಬೇಕು, ಹಂಗೆ.'

ಅವಳಿಗೆ ತಡೆಯಲಾಗಲಿಲ್ಲ. ತಟ್ಟೆ ಮುಂದಕ್ಕೆ ತಳ್ಳಿದಳು. ಪಕ್ಕದ ಮೇಜಿನವರು ತಿರುಗಿ ನೋಡುವ ಹಾಗೆ ದನಿ ಏರಿತು. 'ಅದರಲ್ಲಿ ನಾನಿಲ್ಲ! ಹದಿಮೂರು ವರ್ಷದೋಳು ಪುಟ ಪುಟ ಹುಡುಕಿದೀನಿ, ಎಲ್ಲೂ ಇಲ್ಲ. ಅವಳಿಗೆ ಎಲ್ಲಾ ಹೇಳ್ದೆ ನೀನು. ಅಮ್ಮ ಓಡಿಹೋಗಿದ್ದು ಹೇಳ್ದೆ, ಮೆಟ್ಟಿಲು ಮುರಿದಿದ್ದು ಹೇಳ್ದೆ. ಮನೇಲಿ ಒಂದು ಮಗು ಇದೆ, ಅದನ್ನೂ ಬರಿ ಅಂತ ಹೇಳಕ್ಕೆ ನಿನ್ನ ಬಾಯಿಗೆ ಏನಾಗಿತ್ತು? ನನ್ನ ಜಾಗದಲ್ಲಿ ನಾಯಿ ಕೂರಿಸಿದಾಳೆ ಅಪ್ಪಾ, ನಾಯಿ!'

ಅಪ್ಪ ಅಗಿಯುವುದನ್ನು ನಿಲ್ಲಿಸಿದ. ನಿಜವಾಗಿಯೂ ಆಶ್ಚರ್ಯವಾದವನಂತೆ ಅವಳನ್ನು ನೋಡಿದ. ಬೀದಿಯಲ್ಲಿ ಪದ್ಯ ಕೇಳಿದಾಗಲೂ ಸಣ್ಣದಾಗದ ಮುಖ ಈಗ ಸಣ್ಣದಾಯಿತು.

'ಅದಕ್ಕಾ?' ಎಂದ. 'ಇಷ್ಟು ವರ್ಷ ಅದಕ್ಕಾ ಪುಟ್ಟಿ?' ಫೋರ್ಕು ಕೆಳಗಿಟ್ಟು, 'ನಾನೇ ಹೇಳಿದ್ದು ಅವಳಿಗೆ' ಎಂದ. 'ಊರಿಗೆ ಹೊರಡೋ ದಿನ, ಇದನ್ನೆಲ್ಲ ಬರೀಬಹುದಾ ಅಂತ ಕೇಳಿದ್ಲು. ಕೇಳ್ದೆ ಏನೂ ಮಾಡಿಲ್ಲ ಅವಳು, ಸುಳ್ಳು ಹೇಳಬಾರದು. ನನ್ನ ಬಗ್ಗೆ ಏನ್ ಬೇಕಾದ್ರೂ ಬರ್ಕೊಳಮ್ಮಾ, ಮಗೂನ ಮಾತ್ರ ಬಿಟ್ಬಿಡು ಅಂದೆ. ಊರೋರ ಬಾಯಿಗೆ ಮಗು ಬೀಳೋದು ಬೇಡ ಅಂತ. ಮಾತು ಕೊಟ್ಲು. ಉಳಿಸ್ಕೊಂಡ್ಲು.'

'ಹಾಗಾದ್ರೆ ತಟ್ಟೆ?'

ಅಪ್ಪ ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಟ್ಟುಗೂಡಿಸುತ್ತ ಕೂತ. ದಪ್ಪ ಬೆರಳು, ಉಗುರಿನ ಸಂದಿಯ ಕಪ್ಪನ್ನು ಇವತ್ತಿಗೆಂದು ಚಾಕುವಿನ ತುದಿಯಿಂದ ಕೆರೆದದ್ದು ಗೊತ್ತಾಗುತ್ತಿತ್ತು.

'ಅಪ್ಪಾ, ತಟ್ಟೆ ಯಾಕೆ ಇಡ್ತಿದ್ದೆ?'

'ನೀನು ಉಣ್ತಾ ಇರ್ಲಿಲ್ಲ' ಎಂದ. 'ನಿನ್ನಮ್ಮ ಹೋದ ಮೇಲೆ ಹನ್ನೊಂದು ದಿನ ಬರೀ ಹಾಲು. ಬಾಯೇ ಬಿಡ್ತಿರ್ಲಿಲ್ಲ. ಡಾಕ್ಟ್ರು ಆಸ್ಪತ್ರೆಗೆ ಸೇರಿಸಿ ಅಂದ್ರು. ಆಮೇಲೆ ಒಂದಿನ ನೀನೇ ಬೀರು ಹತ್ರ ಹೋಗಿ ಕೈ ತೋರಿಸ್ದೆ, ಅಮ್ಮನ ತಟ್ಟೆ ಎಲ್ಲಿ ಅಂತ. ಆ ಚಕ್ಕೆ ಎದ್ದಿದ್ದು. ತೆಗೆದು ಇಟ್ಟೆ. ಬಡ್ಸು ಅಂದೆ ನೀನು. ಬಡಿಸ್ದೆ. ಆಗ ನೀನು ಉಂಡೆ. ಇಡದೇ ಇದ್ದ ದಿನ ಉಣ್ತಾ ಇರ್ಲಿಲ್ಲ. ಇನ್ನೇನ್ ಮಾಡ್ಲಿ? ಮೂರು ತಟ್ಟೆ ಇಡ್ತಿದ್ದೆ. ಉಪ್ಪು ಸಾಕಾ ಅಂತ ಅಮ್ಮನ್ನೂ ಕೇಳು ಅಂತಿದ್ದೆ ನೀನು, ಕೇಳ್ತಿದ್ದೆ. ಆ ಹೆಂಗ್ಸು ಬರೆಯೋವಾಗ ನಿನ್ನ ತಟ್ಟೆ ತೆಗೆದ್ಲು. ಎರಡು ಉಳೀತು. ತಪ್ಪು ಅವಳದಲ್ಲ.'

'ಊರಲ್ಲಿ ನಗೋವಾಗ ಒಂದು ಮಾತು ಹೇಳಬಹುದಿತ್ತಲ್ಲ!'

'ಹೇಳಿದ್ರೆ ನಿನ್ನನ್ನ ನೋಡಿ ನಗೋರು. ಸ್ಕೂಲಿಗೆ ಹೋಗೋ ಮಗು.' ಭುಜ ಹಾರಿಸಿದ. 'ನಂಗೇನು, ಭಾನುವಾರ ಒಂದ್ ದಿನ.'

ನೀಲಿ ರಟ್ಟಿನ ಪ್ರಬಂಧ, ಎಪ್ಪತ್ತೊಂದನೇ ಪುಟದ ಸಮೇತ, ಅವಳ ಕಾಲಬಳಿಯ ಚೀಲದಲ್ಲಿತ್ತು. ಅದರ ನಾಲ್ಕು ಪ್ರತಿ ವಿಶ್ವವಿದ್ಯಾಲಯದ ಕಪಾಟಿಗೆ ಹೋಗಿಯಾಗಿತ್ತು, ಇನ್ನು ಅದನ್ನು ಯಾರೂ ತಿದ್ದುವಂತಿಲ್ಲ. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದಳು. ಏಳು ಜನರೆದುರು ಹದಿನೈದು ನಿಮಿಷ ತಡೆಯದೆ ಮಾತಾಡಿದವಳಿಗೆ ಆ ಒಂದು ಮಾತು ಬರಲಿಲ್ಲ. ಅಳು ಬಂತು. ಹಿಟ್ಟು ಮೆತ್ತಿದ ಕೆನ್ನೆಯ ಮೇಲೆ ಕಣ್ಣೀರು ಅಂಟಂಟಾಗಿ ಇಳಿಯಿತು. ಅಪ್ಪ ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು ಮೇಜಿನ ಮೇಲೆ ಅವಳ ಕಡೆ ಸರಿಸಿದ, ಮುಖ ನೋಡದೆ.

ಬಡಿಸುವವನು ಬಂದು, ಯಾರೂ ಬಾರದ ಮೂರನೆಯ ತಟ್ಟೆಯನ್ನು ಎತ್ತಲು ಕೈ ಚಾಚಿದ. ನೋಯೆಮಿ ತಟಕ್ಕನೆ ಅದರ ಮೇಲೆ ಕೈಯಿಟ್ಟಳು. 'ಇರ್ಲಿ, ಇರ್ಲಿ ಬಿಡಿ' ಎಂದಳು.

ಅಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ತಟ್ಟೆಯಿಂದ ಬಿಡಿಸಿದ.

'ತಗೊಂಡ್ ಹೋಗಪ್ಪಾ' ಎಂದ ಬಡಿಸುವವನಿಗೆ. 'ಈಗ ಉಣ್ತಾಳೆ.'

ಅವನು ತಟ್ಟೆ ತೆಗೆದುಕೊಂಡು ಹೋದ. ಶಾವಿಗೆ ಆರಿತ್ತು. ಅಪ್ಪ ನೋಡುತ್ತ ಕೂತಿದ್ದ. ನೋಯೆಮಿ ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅವನ ಕಣ್ಣೆದುರು, ಕೊನೆಯ ತುತ್ತಿನವರೆಗೂ ಉಂಡಳು.